ಛತ್ರಿ ರಿಪೇರಿ ಅಂಗಡಿಯಲ್ಲಿ ಟೆನಿಸ್ ಗಟ್ಟಿಂಗ್

ಟೆನಿಸ್ ರ‍್ಯಾಕೆಟ್ಟಿಗೆ ಗಟ್ಟಿಂಗ್ (ಚೌಕಟ್ಟಿನೊಳಗೆ ‘ಗಟ್’ ಎಂಬ ಎಳೆಯನ್ನು ಹೆಣೆದು ಬಿಗಿಯುವ ಕೆಲಸ) ಮಾಡಿಸಬೇಕೆಂದರೆ ಬೆಂಗಳೂರಿಗೇ ಕಳಿಸಬೇಕು ಎಂದು ನಮ್ಮ ಕಡೆ ಹೇಳುವವರು ಇನ್ನೂ ಇದ್ದಾರೆ. ಎರಡು ವರ್ಷದ ಹಿಂದಿನವರೆಗೆ ನಾನೂ ಹಾಗೆಯೇ ತಿಳಿದಿದ್ದೆ. ಚಿಕ್ಕಮಗಳೂರಿನ ಐ.ಜಿ. ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಓಣಿಯಲ್ಲಿ, ಟೈಲರ್ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ, ಎಂಟಡಿ ಅಗಲದ ಒಂದು ಅಂಗಡಿ ಇದೆ. ಅದಕ್ಕೆ ಹೆಸರಿಲ್ಲ. ತಗಡಿನ ಬೋರ್ಡಿನ ಮೇಲೆ ‘ಛತ್ರಿ ರಿಪೇರಿ’ ಎಂದು ಒಂದು ಸಾಲು, ‘ಗಟ್ಟಿಂಗ್’ ಎಂದು ಇನ್ನೊಂದು. ಮಳೆಗಾಲದ ನಾಲ್ಕು ತಿಂಗಳು ಆ ಅಂಗಡಿಯ ಕೊಕ್ಕೆಗಳಲ್ಲಿ ಛತ್ರಿ ತೂಗುತ್ತವೆ, ಉಳಿದ ಎಂಟು ತಿಂಗಳು ಅವೇ ಕೊಕ್ಕೆಗಳಲ್ಲಿ ರ‍್ಯಾಕೆಟ್. ಬರುವವುಗಳಲ್ಲಿ ಮುಕ್ಕಾಲು ಪಾಲು ಶಟಲ್ ರ‍್ಯಾಕೆಟ್ಟುಗಳು. ಆದರೆ ಅಲ್ಲಿ ಕೂತು ಕೆಲಸ ಮಾಡುವವರ ಮನಸ್ಸು ಇರುವುದು ಟೆನಿಸ್ಸಿನಲ್ಲಿ, ಅದರಲ್ಲೂ ದೇಶ ದೇಶಗಳ ತಂಡಗಳು ಸೆಣಸುವ ಡೇವಿಸ್ ಕಪ್‌ನಲ್ಲಿ. ಆ ಮನಸ್ಸು ಅವರ ಕೆಲಸದಲ್ಲಿ ಹೇಗೆ ಇಳಿದಿದೆ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಮೂಡಿಗೆರೆ ರಸ್ತೆಯ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಆಳುಗಳ ಹಾಜರಿ, ಗೊಬ್ಬರದ ಲೆಕ್ಕ, ಶನಿವಾರದ ಬಟವಾಡೆ ನನ್ನ ಕೆಲಸ. ಮಾಲೀಕರು ಕ್ಲಬ್ಬಿನ ಸದಸ್ಯರು. ಅವರ ಒಳ್ಳೆಯತನದಿಂದ ನನ್ನ ಮಗಳು ಒಂಬತ್ತನೇ ವಯಸ್ಸಿನಿಂದ ಕ್ಲಬ್ಬಿನ ಮಣ್ಣಿನ ಅಂಕಣದಲ್ಲಿ ಆಡುತ್ತಿದ್ದಾಳೆ. ಈಗ ಅವಳಿಗೆ ಹದಿನಾಲ್ಕು. ಮೊದಲು ಅವಳ ರ‍್ಯಾಕೆಟ್ಟನ್ನು ಬಸ್ಸಿನಲ್ಲಿ ಬೆಂಗಳೂರಿನ ಒಂದು ಅಂಗಡಿಗೆ ಕಳಿಸುತ್ತಿದ್ದೆವು. ಒಂದು ಸಲ ಮೆತ್ತನೆಯ ಗಟ್ ಹಾಕಿ, ಬಿಗಿ ಐವತ್ತು ಪೌಂಡ್ ಸಾಕು ಎಂದು ಚೀಟಿ ಬರೆದು ಕಳಿಸಿದ್ದೆ. ಬಂದದ್ದು ತಂತಿಯಂತೆ ಬಿರುಸಾದ ಪಾಲಿಯೆಸ್ಟರ್ ಗಟ್. ಹದಿನೈದು ದಿನದಲ್ಲಿ ಹುಡುಗಿ ಮೊಣಕೈ ಹಿಡಿದುಕೊಂಡು ಮನೆಗೆ ಬಂದಳು. ಫೋನ್ ಮಾಡಿದರೆ, ಈಗ ಎಲ್ಲರೂ ಇದನ್ನೇ ಹಾಕಿಸುತ್ತಾರೆ ಎಂಬ ಉತ್ತರ ಸಿಕ್ಕಿತು. ಹನ್ನೆರಡು ವರ್ಷದ ಮಗುವಿನ ತೋಳು ‘ಎಲ್ಲರ’ ತೋಳಲ್ಲ ಎಂಬುದು ರ‍್ಯಾಕೆಟ್ ಮುಟ್ಟುವವರಿಗೆ ಗೊತ್ತಿರಬೇಕಿತ್ತು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಅದೇ ರ‍್ಯಾಕೆಟ್ಟನ್ನು ಹಿಡಿದು ಈ ಓಣಿಗೆ ಬಂದಾಗ ಅಂಗಡಿಯ ಯಜಮಾನರು ಅದನ್ನು ನೋಡುವ ಮೊದಲು ನನ್ನ ಮಗಳನ್ನು ನೋಡಿದರು. “ಪುಟ್ಟಿ, ಕೈ ಕೊಡು” ಎಂದು ಅವಳ ಅಂಗೈ ಬಿಡಿಸಿ ದಡ್ಡು ಎಲ್ಲಿ ಬಿದ್ದಿದೆ ಎಂದು ನೋಡಿದರು. ವಾರಕ್ಕೆ ಎಷ್ಟು ದಿನ ಆಡುತ್ತೀಯೆ, ಚೆಂಡು ಉದ್ದ ಹೋಗುತ್ತದೆಯೋ ಬಲೆಗೆ ಬೀಳುತ್ತದೆಯೋ, ನೋವು ಸರ್ವ್ ಮಾಡುವಾಗಲೋ ಬ್ಯಾಕ್‌ಹ್ಯಾಂಡ್ ಹೊಡೆಯುವಾಗಲೋ ಎಂದು ಒಂದೊಂದಾಗಿ ಕೇಳಿದರು. ಆಮೇಲೆ ಕತ್ತರಿ ತೆಗೆದುಕೊಂಡು, ಹಾಕಿಸಿ ಇನ್ನೂ ತಿಂಗಳಾಗದ ಆ ಗಟ್ಟನ್ನು ನಡುವಿನಿಂದ ಕತ್ತರಿಸಿಬಿಟ್ಟರು. ದುಡ್ಡು ಹೋಯಿತಲ್ಲ ಎಂದು ನನ್ನ ಹೊಟ್ಟೆ ಚುರುಕ್ ಎಂದಿತು. “ರೈಟರೇ, ಗಟ್ ಮತ್ತೆ ಸಿಗುತ್ತದೆ” ಎಂದರು ಅವರು. ನಲವತ್ತೆಂಟು ಪೌಂಡಿಗೆ ಮೆತ್ತನೆಯ, ಹಲವು ಎಳೆ ಕೂಡಿಸಿದ ನೈಲಾನ್ ಗಟ್ ಹಾಕಿಕೊಟ್ಟರು. ಎರಡು ವಾರ ಆಟ ನಿಲ್ಲಿಸಿ, ಆಮೇಲೆ ಅದರಲ್ಲಿ ಆಡಿದಳು. ನೋವು ಮರುಕಳಿಸಲಿಲ್ಲ.

ಅವರ ಯಂತ್ರ ಹಳೆಯದು, ವಿದ್ಯುತ್ ಬೇಡದ್ದು. ಮೇಜಿನ ಮೇಲೆ ತಿರುಗುವ ಒಂದು ಪೀಠ. ಅದರ ಮೇಲೆ ರ‍್ಯಾಕೆಟ್ಟಿನ ಚೌಕಟ್ಟನ್ನು ಮಲಗಿಸಿ ಸುತ್ತಲೂ ಬಿಗಿಯುತ್ತಾರೆ. ಪಕ್ಕದಲ್ಲಿ ಉಕ್ಕಿನ ಸರಳು, ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಸರಿಯುವ ತೂಕದ ಗುಂಡು. ಗುಂಡು ಯಾವ ಗೆರೆಯ ಮೇಲೆ ನಿಲ್ಲುತ್ತದೆಯೋ ಅಷ್ಟು ಪೌಂಡ್. ಎಳೆಯನ್ನು ಹಿಡಿತಕ್ಕೆ ಸಿಕ್ಕಿಸಿ ಸರಳನ್ನು ಬಿಟ್ಟರೆ ಅದು ಇಳಿಯುತ್ತಾ ಬಂದು ಮೇಜಿಗೆ ಸಮನಾಗಿ, ಸಂತೆಯ ತಕ್ಕಡಿಯ ದಂಡಿಗೆಯಂತೆ ನಿಲ್ಲಬೇಕು. ಒಂದು ಬೆರಳಷ್ಟು ಕೆಳಗೆ ಹೋದರೂ ಅವರು ಎತ್ತಿ, ಹಿಡಿತ ಸರಿಪಡಿಸಿ ಮತ್ತೆ ಬಿಡುತ್ತಾರೆ. ಮಗಳ ರ‍್ಯಾಕೆಟ್ಟಿಗೆ ಉದ್ದುದ್ದ ಹದಿನಾರು ಎಳೆ, ಅಡ್ಡಡ್ಡ ಹತ್ತೊಂಬತ್ತು. ಉದ್ದದ ಎಳೆಗಳನ್ನು ನಡುವಿನಿಂದ ಆರಂಭಿಸಿ ಎಡಕ್ಕೊಂದು ಬಲಕ್ಕೊಂದು ಎಂದು ಎಳೆಯುತ್ತಾರೆ. ಒಂದೇ ಕಡೆಗೆ ಎಳೆದುಕೊಂಡು ಹೋದರೆ ಚೌಕಟ್ಟು ಸೊಟ್ಟಗಾಗುತ್ತದೆ. ಅಡ್ಡ ಎಳೆಗಳ ಸರದಿ ಬಂದಾಗ ನೋಡಬೇಕು ಅವರ ಬೆರಳುಗಳನ್ನು: ಒಂದರ ಮೇಲೆ, ಒಂದರ ಕೆಳಗೆ, ಎಡಗೈಯ ಎರಡು ಬೆರಳು ಎಳೆಗಳನ್ನು ಒತ್ತುತ್ತಾ ಹೋದಂತೆ ಬಲಗೈ ಗಟ್ಟನ್ನು ಹಾವು ಹರಿದಂತೆ ಬಳುಕಿಸಿ ಎಳೆದುಕೊಳ್ಳುತ್ತದೆ. ನೆಟ್ಟಗೆ ಎಳೆದರೆ ಎಳೆಗೆ ಎಳೆ ಉಜ್ಜಿ ಸುಟ್ಟಂತಾಗಿ ಅಲ್ಲೇ ಬಲ ಕಳೆದುಕೊಳ್ಳುತ್ತದೆಯಂತೆ. ಒಂದು ರ‍್ಯಾಕೆಟ್ಟಿಗೆ ಸುಮಾರು ಹನ್ನೆರಡು ಮೀಟರ್ ಗಟ್, ಸುಮಾರು ಒಂದು ಗಂಟೆಯ ಕೆಲಸ. ಕೊನೆಯ ಗಂಟು ಬಿಗಿದ ಮೇಲೆ ಅಂಗೈಯಿಂದ ಗಟ್ಟನ್ನು ತಟ್ಟಿ, ಕಿವಿಗೊಟ್ಟು ಕೇಳುತ್ತಾರೆ. ನಂತರ ಒಂದು ಚೀಟಿಯಲ್ಲಿ ತಾರೀಕು, ಪೌಂಡ್, ಗಟ್ಟಿನ ಜಾತಿ ಬರೆದು ಹಿಡಿಕೆಯ ಮೇಲ್ಭಾಗಕ್ಕೆ ಅಂಟಿಸುತ್ತಾರೆ. ವಾರಕ್ಕೆ ಎಷ್ಟು ದಿನ ಆಡುತ್ತೀರೋ ವರ್ಷಕ್ಕೆ ಅಷ್ಟು ಸಲವಾದರೂ ಗಟ್ ಬದಲಿಸಿ, ಹರಿಯುವವರೆಗೆ ಕಾಯಬೇಡಿ ಎನ್ನುತ್ತಾರೆ. ಹರಿಯದಿದ್ದರೂ ಬಿಗಿ ದಿನದಿನಕ್ಕೆ ಇಳಿಯುತ್ತಲೇ ಇರುತ್ತದೆ.

ಯಂತ್ರದ ಹಿಂದಿನ ಗೋಡೆಯಲ್ಲಿ ಒಂದು ಮರದ ರ‍್ಯಾಕೆಟ್ ಇದೆ. ನಾಲ್ಕು ಮೂಲೆಗೂ ತಿರುಪಿರುವ ಮರದ ಚೌಕಟ್ಟಿನೊಳಗೆ ಅದನ್ನು ಬಿಗಿದಿಟ್ಟಿದ್ದಾರೆ. ಮಲೆನಾಡಿನ ಮಳೆಯ ಥಂಡಿಗೆ ಮರ ಡೊಂಕಾಗದಿರಲಿ ಎಂದು ಆ ಕಾಲದಲ್ಲಿ ಹೀಗೆ ಇಡುತ್ತಿದ್ದರು. ಇವರ ತಂದೆ ಪ್ಲಾಂಟರ್‌ಗಳ ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದರು. ಅಂಕಣಕ್ಕೆ ಸುಣ್ಣದ ಗೆರೆ ಎಳೆಯುವುದು, ಜೊತೆ ಇಲ್ಲದ ಸದಸ್ಯರೊಡನೆ ಆಡುವುದು, ಸಂಜೆ ರ‍್ಯಾಕೆಟ್ ದುರಸ್ತಿ ಮಾಡುವುದು ಮಾರ್ಕರ್ ಕೆಲಸ. ಆಗ ಹಾಕುತ್ತಿದ್ದದ್ದು ದನದ ಕರುಳಿನಿಂದ ಮಾಡಿದ ಗಟ್. ಅದು ತೇವ ಕುಡಿದರೆ ಕೆಡುತ್ತದೆ. ಜೂನ್ ಬಂತೆಂದರೆ ಅವರ ತಂದೆ ಕ್ಲಬ್ಬಿನ ರ‍್ಯಾಕೆಟ್ಟುಗಳನ್ನು ಮನೆಗೆ ತಂದು ಒಲೆಯ ಮೇಲಿನ ಅಟ್ಟದಲ್ಲಿ, ಒಣಗಲು ಹಾಕಿದ ಹಲಸಿನ ಹಪ್ಪಳದ ಪಕ್ಕ ಇಡುತ್ತಿದ್ದರಂತೆ.

ಮರದ ರ‍್ಯಾಕೆಟ್ಟಿನ ಸುತ್ತ ಪತ್ರಿಕೆಯ ತುಣುಕುಗಳು. ಒಂದೊಂದಕ್ಕೂ ಅವರ ಬಳಿ ಮಾತಿದೆ, ಕೈ ಮಾತ್ರ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಹಳೆಯದು 1966ರದು. ಕಲ್ಕತ್ತದಲ್ಲಿ ಬ್ರೆಜಿಲ್ ವಿರುದ್ಧ ಐದು ಪಂದ್ಯಗಳ ಹಣಾಹಣಿಯಲ್ಲಿ ಎರಡೂ ತಂಡ 2-2 ಸಮನಾಗಿದ್ದಾಗ ರಾಮನಾಥನ್ ಕೃಷ್ಣನ್ ಅವರು ಥಾಮಸ್ ಕಾಕ್ ಎದುರು ಕೊನೆಯ ಪಂದ್ಯ ಆಡಿದರು. ಎರಡು ಸೆಟ್ ಕಳೆದುಕೊಂಡು, ನಾಲ್ಕನೆಯದರಲ್ಲಿ 2-5 ಹಿಂದಿದ್ದರು. ಅಲ್ಲಿಂದ 7-5, 6-2 ಎಂದು ಗೆದ್ದು ಭಾರತವನ್ನು ಮೊದಲ ಬಾರಿಗೆ ಡೇವಿಸ್ ಕಪ್ ಫೈನಲ್‌ಗೆ ಒಯ್ದರು. ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯಾ 4-1ರಿಂದ ಗೆದ್ದಿತು. ನಮ್ಮ ಆ ಒಂದು ಅಂಕ ಕೃಷ್ಣನ್ ಮತ್ತು ಜೈದೀಪ್ ಮುಖರ್ಜಿ ಜೋಡಿ ನ್ಯೂಕೋಂಬ್ ಮತ್ತು ರೋಚ್ ಜೋಡಿಯನ್ನು ಸೋಲಿಸಿ ತಂದದ್ದು. 1974ರ ತುಣುಕಿನಲ್ಲಿ ಆಟದ ಚಿತ್ರವಿಲ್ಲ. ಫೈನಲ್ ತಲುಪಿದ್ದ ಭಾರತ, ವರ್ಣಭೇದ ನೀತಿಯನ್ನು ವಿರೋಧಿಸಿ ದಕ್ಷಿಣ ಆಫ್ರಿಕಾದ ಎದುರು ಆಡಲಿಲ್ಲ. ಕಪ್ ಅವರ ಪಾಲಾಯಿತು. “ವಿಜಯ್ ಮತ್ತು ಆನಂದ್ ಅಮೃತರಾಜ್ ಆಗ ಒಳ್ಳೆಯ ಫಾರ್ಮಿನಲ್ಲಿದ್ದರು. ಗೆಲ್ಲುವ ತಂಡ ಅದು. ಆದರೂ ಬಿಟ್ಟದ್ದು ಸರಿ” ಎನ್ನುವಾಗ ಅವರ ದನಿ ತಗ್ಗುತ್ತದೆ. ನನಗೂ ಹಾಗೆಯೇ ಅನಿಸುತ್ತದೆ. ಮೂರನೆಯ ಫೈನಲ್ 1987ರದು, ಗೋಥೆನ್‌ಬರ್ಗ್‌ನಲ್ಲಿ ಸ್ವೀಡನ್ ಎದುರು 0-5. ಅದರ ಬಗ್ಗೆ ಅವರು ಹೆಚ್ಚು ಮಾತನಾಡುವುದಿಲ್ಲ. ಅದಕ್ಕೆ ಮೊದಲು ಸಿಡ್ನಿಯಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿದ ಸೆಮಿಫೈನಲ್ ಬಗ್ಗೆ ಮಾತ್ರ ಒಂದು ಗಂಟೆ ಬೇಕಾದರೂ ಹೇಳುತ್ತಾರೆ.

ಕೊಡಗಿನ ರೋಹನ್ ಬೋಪಣ್ಣ ಅವರಿಗೆ ಒಂದು ಇಡೀ ಕಂಬವೇ ಮೀಸಲು. 2010ರಲ್ಲಿ ಚೆನ್ನೈನಲ್ಲಿ ಭಾರತ ಬ್ರೆಜಿಲ್ ಎದುರು 0-2 ಹಿಂದಿದ್ದು 3-2ಕ್ಕೆ ತಿರುಗಿಸಿದಾಗ ಐದನೆಯ ಪಂದ್ಯ ಗೆದ್ದವರು ಅವರು. 2024ರಲ್ಲಿ, ನಲವತ್ಮೂರನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ಒಂದನೇ ಶ್ರೇಯಾಂಕ ಪಡೆದದ್ದು ಎಲ್ಲರಿಗೂ ಗೊತ್ತು. ಆ ಚಿತ್ರ ಕಂಬದ ಕೆಳಗಿದೆ. ಕಣ್ಣಿನ ಎತ್ತರಕ್ಕೆ ಇರುವುದು 2014ರ ಸೆಪ್ಟೆಂಬರಿನದು.

ಆ ಸಲ ಸರ್ಬಿಯಾ ತಂಡ ಬೆಂಗಳೂರಿಗೆ ಬಂದಿತ್ತು. ಅವರ ಅಗ್ರ ಆಟಗಾರ ಜೊಕೊವಿಚ್ ಬಂದಿರಲಿಲ್ಲ. ಯಜಮಾನರು ಶುಕ್ರವಾರ ಬೆಳಗಿನ ಬಸ್ಸಿಗೆ ಹೊರಟು ಕಬ್ಬನ್ ಪಾರ್ಕಿನ ಅಂಕಣದ ಮೆಟ್ಟಿಲಲ್ಲಿ ಕೂತರು. ಮೊದಲ ದಿನ ಎರಡೂ ಸಿಂಗಲ್ಸ್ ಹೋದವು. ಮರುದಿನ ಲಿಯಾಂಡರ್ ಪೇಸ್ ಮತ್ತು ಬೋಪಣ್ಣ ಮೊದಲೆರಡು ಸೆಟ್ ಕಳೆದುಕೊಂಡು, ಮುಂದಿನ ಮೂರನ್ನೂ ಗೆದ್ದರು, ಕೊನೆಯದು 8-6. ಭಾನುವಾರ ಸೋಮದೇವ್ ದೇವವರ್ಮನ್ ಅವರು ಲಾಯೊವಿಚ್ ಎದುರು ಎರಡಕ್ಕೆ ಒಂದು ಸೆಟ್ ಹಿಂದಿದ್ದು ಐದರಲ್ಲಿ ಗೆದ್ದರು. 2-2. ಐದನೆಯದಕ್ಕೆ ಯೂಕಿ ಭಾಂಬ್ರಿ ಇಳಿದರು, ಅರ್ಧದಲ್ಲಿ ಮಳೆ ಬಂತು. ಆಟ ಸೋಮವಾರಕ್ಕೆ ಹೋಯಿತು. ಸೋಮವಾರ ಅಂಗಡಿ ತೆರೆಯುತ್ತೇನೆಂದು ಯಾರಿಗೋ ಮಾತು ಕೊಟ್ಟಿದ್ದ ಇವರು ಭಾನುವಾರ ರಾತ್ರಿಯ ಬಸ್ಸಿಗೆ ಹತ್ತಿದರು. ಯೂಕಿ ಸೋತರು, ಭಾರತ 2-3. “ಸೋಲುವಾಗ ನಾನು ಅಲ್ಲಿರಬೇಕಿತ್ತು” ಎಂದು ಹನ್ನೊಂದು ವರ್ಷವಾದರೂ ಹೇಳುತ್ತಾರೆ.

ಈಗ ಡೇವಿಸ್ ಕಪ್‌ನಲ್ಲಿ ಐದು ಸೆಟ್ಟುಗಳಿಲ್ಲ. 2019ರಿಂದ ಎಲ್ಲ ಹಂತದಲ್ಲೂ ಮೂರರಲ್ಲೇ ಪಂದ್ಯ ಮುಗಿಯುತ್ತದೆ, ಎರಡೇ ದಿನದಲ್ಲಿ ಹಣಾಹಣಿಯೂ ಮುಗಿಯುತ್ತದೆ. ಇದು ಆಟಗಾರರ ದೇಹಕ್ಕೆ ಒಳ್ಳೆಯದು ಎನ್ನುವವರಿದ್ದಾರೆ. ಆದರೆ ಗೋಡೆಯ ಮುಂದೆ ನಿಂತು ನಾನು ಒಂದು ಲೆಕ್ಕ ಹಾಕಿದೆ. ಈಗಿನ ನಿಯಮವಿದ್ದಿದ್ದರೆ ಕೃಷ್ಣನ್ ಅವರು ಕಾಕ್ ಎದುರು ಮೂರನೆಯ ಸೆಟ್ಟಿಗೇ ಸೋತಿರುತ್ತಿದ್ದರು. ಪೇಸ್, ಬೋಪಣ್ಣ ಎರಡನೆಯದಕ್ಕೇ. ಸೋಮದೇವ್ ಮೂರನೆಯದಕ್ಕೆ. ಆ ಗೋಡೆಯ ಮೇಲೆ ಅರ್ಧ ಜಾಗ ಖಾಲಿ ಬಿದ್ದಿರುತ್ತಿತ್ತು. ಈ ಬದಲಾವಣೆಯನ್ನು ನಾನು ಒಪ್ಪುವುದಿಲ್ಲ. ಒಂದು ತಂಡದ ಪರವಾಗಿ ನಿಂತ ಮನುಷ್ಯನಿಗೆ ಚೇತರಿಸಿಕೊಳ್ಳಲು ಸಮಯ ಕೊಡಬೇಕು.

ತಂಡ ಎಂದರೆ ಯಜಮಾನರಿಗೆ ಅಂಕಣದ ಪಕ್ಕದ ಆ ಕುರ್ಚಿ. “ಬೇರೆ ಟೂರ್ನಿಯಲ್ಲಿ ಆಟಗಾರ ಬದಿ ಬದಲಿಸುವಾಗ ಒಬ್ಬನೇ ಕೂತು ನೀರು ಕುಡಿಯುತ್ತಾನೆ ರೈಟರೇ. ಡೇವಿಸ್ ಕಪ್‌ನಲ್ಲಿ ಪಕ್ಕದಲ್ಲಿ ನಾಯಕ ಕೂತಿರುತ್ತಾನೆ. ಟವೆಲ್ ಕೊಡುತ್ತಾನೆ, ಎರಡು ಮಾತು ಹೇಳುತ್ತಾನೆ.” ಅವರ ಅಂಗಡಿಯಲ್ಲಿ ಗಿರಾಕಿಗೆ ಒಂದು ಸ್ಟೂಲ್ ಇದೆ, ಅದನ್ನು ಯಂತ್ರದ ಪಕ್ಕಕ್ಕೇ ಹಾಕಿರುತ್ತಾರೆ. ಕೊಟ್ಟು ಹೋಗಿ ಎನ್ನುವುದಿಲ್ಲ, ಪುರಸೊತ್ತಿದ್ದರೆ ಕೂತು ನೋಡಿ ಎನ್ನುತ್ತಾರೆ. ಮಗಳು ತನ್ನ ಆಟದ ಬಗ್ಗೆ ನನ್ನೊಡನೆ ಆಡದ ಮಾತನ್ನೆಲ್ಲ ಆ ಸ್ಟೂಲಿನ ಮೇಲೆ ಕೂತು ಅವರೊಡನೆ ಆಡುತ್ತಾಳೆ.

2025ರ ಸೆಪ್ಟೆಂಬರ್ 12, ಶುಕ್ರವಾರ. ಮರುದಿನದ ಬಟವಾಡೆಗೆ ಬ್ಯಾಂಕಿನ ಕೆಲಸ ಮುಗಿಸಿ, ಕಡ್ಡಿ ಮುರಿದ ಛತ್ರಿ ಹಿಡಿದು ಅಂಗಡಿಗೆ ಹೋದೆ. ಹೊರಗೆ ಜಡಿಮಳೆ. ಕೊಕ್ಕೆಗಳಲ್ಲಿ ಇಪ್ಪತ್ತು ಮೂವತ್ತು ಛತ್ರಿಗಳು ನೀರು ಇಳಿಸುತ್ತಿದ್ದವು. ಯಜಮಾನರು ಮೊಬೈಲನ್ನು ಯಂತ್ರದ ತೂಕದ ಗುಂಡಿಗೆ ಒರಗಿಸಿ ಸ್ವಿಟ್ಜರ್‌ಲೆಂಡಿನ ಬೀಲ್‌ನಲ್ಲಿ ನಡೆಯುತ್ತಿದ್ದ ಭಾರತ ಮತ್ತು ಸ್ವಿಸ್ ತಂಡಗಳ ಡೇವಿಸ್ ಕಪ್ ಪಂದ್ಯ ನೋಡುತ್ತಿದ್ದರು. ಮೊದಲ ಸಿಂಗಲ್ಸ್‌ಗೆ ದಕ್ಷಿಣೇಶ್ವರ್ ಸುರೇಶ್. ಮದುರೆಯ ಹುಡುಗ, ಆರಡಿ ಮೀರಿದ ಎತ್ತರ, ವಿಶ್ವ ಶ್ರೇಯಾಂಕ ಆರುನೂರರ ಆಚೆ, ಡೇವಿಸ್ ಕಪ್‌ನಲ್ಲಿ ಅದೇ ಮೊದಲ ಪಂದ್ಯ. ಎದುರಿಗೆ ಅವನಿಗಿಂತ ನಾನೂರಕ್ಕೂ ಹೆಚ್ಚು ಸ್ಥಾನ ಮೇಲಿದ್ದ ಜೆರೋಮ್ ಕಿಮ್. ಮೊದಲ ಸೆಟ್ 6-6 ಸಮನಾಗಿ ಟೈಬ್ರೇಕ್‌ಗೆ ಹೋದಾಗ ಯಜಮಾನರು ನನ್ನ ಛತ್ರಿಯ ಕಡ್ಡಿಗೆ ಬಟ್ಟೆ ಹೊಲಿಯುತ್ತಿದ್ದರು. ಸೂಜಿ ಅರ್ಧ ಬಟ್ಟೆಯೊಳಗೆ ಹೋದದ್ದು ಅಲ್ಲಿಯೇ ನಿಂತಿತು. ಟೈಬ್ರೇಕ್ ಮುಗಿಯುವವರೆಗೆ ಅದನ್ನು ಹೊರಗೆಳೆಯಲಿಲ್ಲ. ಸುರೇಶ್ ಸೆಟ್ ಗೆದ್ದಾಗ ಸೂಜಿ ಎಳೆದು, ದಾರ ಕಚ್ಚಿ ತುಂಡರಿಸಿ, “ಹುಡುಗ ಗಟ್ಟಿಗ” ಎಂದರು. ಎರಡನೆಯ ಸೆಟ್ 6-3. ಆ ಸಂಜೆ ಸುಮಿತ್ ನಾಗಲ್ ಕೂಡ ಗೆದ್ದರು. ಅದನ್ನು ನಾನು ಬಸ್ಸಿನಲ್ಲಿ ಮೂಡಿಗೆರೆ ಕಡೆ ಹೋಗುವಾಗ ತಿಳಿದೆ. ಮರುದಿನ ಡಬಲ್ಸ್ ಕೈಬಿಟ್ಟರೂ ನಾಗಲ್ ಮತ್ತೆ ಗೆದ್ದು 3-1 ಮಾಡಿದರು. ಯುರೋಪಿನ ನೆಲದಲ್ಲಿ ಯುರೋಪಿನ ತಂಡವನ್ನು ಭಾರತ ಸೋಲಿಸಿದ್ದು 32 ವರ್ಷಗಳ ಮೇಲೆ. ಅದಕ್ಕೆ ಹಿಂದಿನದು 1993ರಲ್ಲಿ ಫ್ರಾನ್ಸಿನ ಫ್ರೆಜೂಸ್‌ನಲ್ಲಿ, ರಮೇಶ್ ಕೃಷ್ಣನ್ ಮತ್ತು ಪೇಸ್ ಕಾಲದ್ದು. ಅಂದಿನ ಛತ್ರಿಗೆ ಅವರು ನನ್ನಿಂದ ದುಡ್ಡು ತೆಗೆದುಕೊಳ್ಳಲಿಲ್ಲ.

ಕೆಲಸದ ನಿಜವಾದ ಪರೀಕ್ಷೆ ನವೆಂಬರಿನಲ್ಲಿ ಆಯಿತು. ಮಗಳು ಶಾಲಾ ತಂಡದ ಪರವಾಗಿ ಆಡುವವಳಿದ್ದಳು. ಎರಡೂ ರ‍್ಯಾಕೆಟ್ಟಿಗೆ ಒಂದೇ ದಿನ, ಒಂದೇ ಸುರುಳಿಯ ಗಟ್, ಒಂದೇ ಪೌಂಡ್ ಹಾಕಿಸಬೇಕು ಎಂದು ಯಜಮಾನರು ಹಟ ಹಿಡಿದರು. ಒಂದರ ಗಟ್ ಇನ್ನೂ ಚೆನ್ನಾಗಿತ್ತು, ಆದರೂ ಬಿಡಲಿಲ್ಲ. ಎರಡನೆಯ ಸೆಟ್ಟಿನಲ್ಲಿ ಒಂದು ಗಟ್ ಹರಿಯಿತು. ಚೀಲದಿಂದ ಇನ್ನೊಂದನ್ನು ತೆಗೆದು ಆಡಿದಳು. ಮೊದಲ ಹೊಡೆತವೇ ಗೆರೆಯೊಳಗೆ ಬಿತ್ತು. ರ‍್ಯಾಕೆಟ್ ಬದಲಾಯಿತು ಎಂದು ಕೈಗೆ ಗೊತ್ತೇ ಆಗಲಿಲ್ಲ ಅಪ್ಪ ಎಂದಳು.

ಕೊರತೆಗಳೂ ಇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಛತ್ರಿಗೆ ಮೊದಲ ಮಣೆ, ರ‍್ಯಾಕೆಟ್ ಕೊಟ್ಟರೆ ವಾರ ಹತ್ತು ದಿನ ಹಿಡಿಯುತ್ತದೆ. ಅದು ತಪ್ಪೆಂದು ಹೇಳಲಾರೆ, ಆದರೆ ಕಾಯಬೇಕಾಗುತ್ತದೆ. ಟೆನಿಸ್ ಗಟ್ಟಿನಲ್ಲಿ ಮೂರು ನಾಲ್ಕು ಬಗೆ ಮಾತ್ರ ಇಟ್ಟಿದ್ದಾರೆ. ನಿಮಗೆ ಬೇರೆ ಬೇಕಾದರೆ ನೀವೇ ತಂದುಕೊಡಬೇಕು, ಹಾಕಲು ಬೇಸರವಿಲ್ಲ. ಯಂತ್ರದ ಮುಂದಿದ್ದರೆ ಫೋನ್ ಎತ್ತುವುದಿಲ್ಲ. ಬಿಲ್ ಕೊಡುವುದಿಲ್ಲ. ಕೂಲಿ ಇನ್ನೂರು ರೂಪಾಯಿ. ನೈಲಾನ್ ಗಟ್ ಸೇರಿ ಏಳುನೂರರ ಆಸುಪಾಸಿನಲ್ಲಿ ಮುಗಿಯುತ್ತದೆ. ಮೊಬೈಲ್ ಮೂಲಕ ಹಣ ಕೊಡಬಹುದು. ಓಣಿಗೆ ಕಾರು ಹೋಗುವುದಿಲ್ಲ, ರಸ್ತೆಯಲ್ಲೇ ನಿಲ್ಲಿಸಿ ನಡೆದು ಬನ್ನಿ. ಮತ್ತು ರ‍್ಯಾಕೆಟ್ ಒಯ್ಯುವಾಗ ಆಡುವವರನ್ನೂ ಕರೆದುಕೊಂಡು ಹೋಗಿ. ಕೈ ನೋಡದೆ ಅವರು ಪೌಂಡ್ ಹೇಳುವುದಿಲ್ಲ.

ಇನ್ನೊಂದು ವಿಷಯ. 2026ರ ಫೆಬ್ರವರಿ 7 ಮತ್ತು 8ರಂದು ನೆದರ್‌ಲೆಂಡ್ಸ್ ತಂಡ ಡೇವಿಸ್ ಕಪ್ ಆಡಲು ಬೆಂಗಳೂರಿಗೆ ಬರುತ್ತಿದೆ. 2024ರಲ್ಲಿ ಫೈನಲ್ ತಲುಪಿದ್ದ ತಂಡ ಅದು. ಯಜಮಾನರು ಹೊರಟಿದ್ದಾರೆ, ಜೊತೆಗೆ ನಾನು ಮತ್ತು ಮಗಳು. ಆ ವಾರ ಗಟ್ಟಿಂಗ್ ಬೇಕಾದವರು ಬುಧವಾರದೊಳಗೆ ರ‍್ಯಾಕೆಟ್ ಕೊಟ್ಟು, ಗುರುವಾರ ಸಂಜೆ ವಾಪಸ್ ಪಡೆಯಬೇಕು. ಶುಕ್ರವಾರದಿಂದ ಅಂಗಡಿ ಮುಚ್ಚಿರುತ್ತದೆ. ಪಂದ್ಯ ಭಾನುವಾರಕ್ಕೇ ಮುಗಿಯುತ್ತದಲ್ಲ ಎಂದು ಕೇಳಿದೆ. ಸೋಮವಾರವೂ ತೆರೆಯುವುದಿಲ್ಲ ಎಂದು ಈಗಾಗಲೇ ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ.